ಕೆಳಗಿನ ಬೇರಿಂಗು

ಮಂಗಳವಾರ, ಮಧ್ಯಾಹ್ನ
ಶೆಡ್ಡಿನಿಂದ

ಪ್ರೀತಿಯ ತಂಗೀ,

ಗುಬ್ಬಿಯ ಕೈಯ ಪಟ್ಟಿ ಕೊನೆಗೂ ಬಿಚ್ಚಿದರೆಂದು ಚಿಕ್ಕಮ್ಮ ಎಂದಿನಂತೆ ಊರಿಗೆಲ್ಲ ಕೇಳುವ ಹಾಗೆ ಫೋನಿನಲ್ಲಿ ಹೇಳಿದರು. ಮೊಣಕೈ ಪೂರ್ತಿ ಮಡಚಲು ಇನ್ನೂ ಬರುವುದಿಲ್ಲವಂತೆ. ಅಷ್ಟರಲ್ಲಿ ಗುಬ್ಬಿ ಫೋನು ಕಿತ್ತುಕೊಂಡು, "ಮಾವ, ನಾನೀಗ ಎಡಗೈಲಿ ಬರೀತೀನಿ" ಅಂದಳು. ಲೈನು ಸರಿಯಿಲ್ಲವೆಂದು ನೆಪ ಹೇಳಿ ಇಟ್ಟುಬಿಟ್ಟೆ. ನಿನ್ನೆದುರು ನಿಂತು ಹೇಳುವ ಮುಖ ನನಗಿಲ್ಲ, ಅದಕ್ಕೇ ಈ ಕಾಗದ.

ಭಾವ ಪೆಟ್ರೋಲಿಗೆ ಎಣ್ಣೆ ಬೆರೆಸಲು ಮರೆತಿರಲಿಲ್ಲ. ಮರೆತಿದ್ದಾರೆಂದು ನಾನು ಹೇಳಿದ್ದು ಸುಳ್ಳು.

ಮೊದಲ ಸಲ ದೋಣಿಯ ಮೋಟಾರು ಕೆಟ್ಟಿದ್ದು ನಿನಗೆ ನೆನಪಿರಬೇಕು. ತಂಪಾಗಿಸಲು ನೀರೆಳೆಯುವ ಪಂಪು ನಿಂತು, ಇಂಜಿನ್ನು ಕಾದು, ಪಿಸ್ಟನ್ನು ಕಚ್ಚಿಕೊಂಡಿತ್ತು. ಹೊಸದು ಕೊಳ್ಳೋಣವೆಂದರು ಭಾವ. ನಾನಿರುವಾಗ ಹೊಸದೇಕೆ ಎಂದು ಎದೆಯುಬ್ಬಿಸಿದವನು ನಾನೇ. ಸಿಲಿಂಡರು ಕೊರೆಸಿದೆ, ಪಿಸ್ಟನ್ನು, ರಿಂಗು, ಪಂಪು ಎಲ್ಲ ಹೊಸದು ಹಾಕಿದೆ. ಪಿಸ್ಟನ್ನು ಕಚ್ಚಿದಾಗ ಲೋಹದ ಪುಡಿ ಉದುರಿ ಬೇರಿಂಗುಗಳಲ್ಲಿ ಕೂರುತ್ತದೆ, ಅವನ್ನೂ ಬದಲಿಸಲೇಬೇಕು. ಈ ಕೆಲಸದ ಅಆಇಈ ಅದು. ಮೇಲಿನದು ಬದಲಿಸಿದೆ. ಕೆಳಗಿನದು ಬರಲು ಇನ್ನೊಂದು ವಾರವಾಗುತ್ತಿತ್ತು. ಸೋಮವಾರ ಕೊಡುತ್ತೇನೆಂದು ಎಲ್ಲರೆದುರು ಹೇಳಿಬಿಟ್ಟಿದ್ದೆ. ನಡೆಯುತ್ತದೆ ಎಂದುಕೊಂಡು ಹಳೆಯದನ್ನೇ ಕೂರಿಸಿದೆ. ಮೋಟಾರು ಹೊಸದಕ್ಕಿಂತ ಗಟ್ಟಿ ಎಂದೆ. ಆ ಮಾತು ನಂಬಿ ನೀನು ಗುಬ್ಬಿಯನ್ನು ಆಚೆ ದಡದ ಶಾಲೆಗೆ ಅವಳಪ್ಪನ ದೋಣಿಯಲ್ಲಿ ಕಳಿಸಿದೆ.

ಹನ್ನೊಂದನೇ ದಿನ ನಡುನೀರಿನಲ್ಲಿ ಮೋಟಾರು ಕೈಕೊಟ್ಟಿತು. ಭಾವ ಹುಟ್ಟು ಹಾಕಿದರೂ ಸೆಳೆತ ಬಿಡದೆ ದೋಣಿ ಬಂಡೆಗೆ ಬಡಿಯಿತು, ಮಗುವಿನ ಕೈ ಮುರಿಯಿತು.

ಮರುದಿನ ಮೋಟಾರು ಬಿಚ್ಚಿ ನೋಡಿದರೆ ಪಿಸ್ಟನ್ನಿಗೆ ಎಣ್ಣೆ ಅಂಟಿಕೊಂಡೇ ಇತ್ತು. ಕೆಳಗಿನ ಬೇರಿಂಗು ಚೂರುಚೂರಾಗಿತ್ತು. ನೀನು ಬಾಗಿಲಲ್ಲಿ ನಿಂತು ಏನಾಗಿತ್ತೆಂದು ಕೇಳಿದೆ. ಚೂರುಗಳ ಮೇಲೆ ಬಟ್ಟೆ ಎಳೆದು, "ಎಣ್ಣೆ ಹಾಕಿಲ್ಲ" ಅಂದೆ. ಅವತ್ತೇ ನೀನು ಮಗುವನ್ನು ಕರೆದುಕೊಂಡು ಚಿಕ್ಕಮ್ಮನ ಮನೆಗೆ ಹೊರಟೆ. ನಿನ್ನ ಚೀಲ ಬಸ್ಸಿಗೆ ಹತ್ತಿಸಿದ್ದೂ ನಾನೇ.

ಭಾವ ಮೊದಮೊದಲು ಆಣೆ ಮಾಡಿ ಹೇಳುತ್ತಿದ್ದರು. ಎರಡನೇ ತಿಂಗಳಿಗೆ, ಮರೆತಿದ್ದರೂ ಮರೆತಿರಬಹುದು ಅನ್ನತೊಡಗಿದರು. ಈಗ ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ನಡೆದು, ವಾಪಸು ಬಂದು ಎಳೆದು ನೋಡುತ್ತಾರೆ. ಒಲೆ ಆರಿಸಿದೆನೋ ಇಲ್ಲವೋ ಎಂದು ದಾರಿಯಲ್ಲಿ ನಿಂತುಬಿಡುತ್ತಾರೆ. ಅದನ್ನು ಮೂರು ತಿಂಗಳು ನೋಡಿಕೊಂಡು ಸುಮ್ಮನಿದ್ದೆ.

ನಿನ್ನೆ ಅವರನ್ನು ಶೆಡ್ಡಿಗೆ ಕರೆದು, ಚೂರುಗಳನ್ನು ಕೈಗಿಟ್ಟು ಎಲ್ಲ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. "ಹಾಗಾದ್ರೆ ನಾನು ಎಣ್ಣೆ ಹಾಕಿದ್ದೆನಾ?" ಅಂದರು. ಹಾಕಿದ್ದಿರಿ ಅಂದೆ. "ಇನ್ನೊಂದ್ಸಲ ಹೇಳು" ಅಂದರು. ಹೇಳಿದೆ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತರು. ಆಮೇಲೆ ನನ್ನ ಮುಖ ನೋಡದೆ ಎದ್ದು ಹೋದರು.

ನಾನು ರಿಪೇರಿ ಮಾಡಿದ ಇನ್ನೂ ಮೂರು ಮೋಟಾರು ನೀರಿನಲ್ಲಿದ್ದವು. ಇವತ್ತು ಬೆಳಗ್ಗೆ ವಾಪಸು ತರಿಸಿದ್ದೇನೆ. ರಿಪೇರಿಯಾದ ಮೋಟಾರನ್ನು ನಂಬಬಹುದೇ ಎಂದು ಅವುಗಳ ಯಜಮಾನರು ಕೇಳಿದರು. ಯಾವ ಭಾಗ ಹೊಸದು, ಯಾವುದು ಹಳೆಯದು ಎಂದು ಬರೆದುಕೊಟ್ಟೆ. ಒಬ್ಬರು ಓದಿ, ಮೋಟಾರು ಹೊತ್ತುಕೊಂಡು ಬೇರೆಯವರ ಹತ್ತಿರ ಹೋದರು. ತಪ್ಪೇನೂ ಇಲ್ಲ.

ನೀನು ಮನೆಗೆ ಹೋಗು. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಅಪ್ಪನ ತಪ್ಪಿರಲಿಲ್ಲವೆಂದು ಗುಬ್ಬಿಗೆ ಮೊದಲು ಹೇಳು.

ತಲೆತಗ್ಗಿಸಿ,
ನಿನ್ನ ಅಣ್ಣ

ವಿ.ಸೂ.: ಒಂದು ಸಂಗತಿ ಭಾವನಿಗೂ ಹೇಳಿಲ್ಲ. ಕೊಡುವ ಮೊದಲು ಡ್ರಮ್ಮಿನ ನೀರಿನಲ್ಲಿ ಮೋಟಾರು ಓಡಿಸಿ ತೋರಿಸಿದೆನಲ್ಲ, ಆಗಲೇ ಅದು ಕೆಳಗಿನಿಂದ ಗರಗರ ಅನ್ನುತ್ತಿತ್ತು. ಅದೇನು ಸದ್ದು ಎಂದು ನೀನೇ ಕೇಳಿದೆ. ಅದು ಬೇರಿಂಗೆಂದು ನನಗೆ ಗೊತ್ತಿತ್ತು, ತಂಗೀ. ನೀರಿನ ಸದ್ದು ಅಂದೆ.