ತಗಡು ಕಿತ್ತ ಕಿಟಕಿ

ಅಮರೇಶ,

ಬೋನಸ್ ಕೊಡ್ತೀವಿ ಅಂದರು, ಕೊಡಲಿಲ್ಲ. ಕೆಲಸ ಕಾಯಂ ಮಾಡ್ತೀವಿ ಅಂದರು, ಮಾಡಲಿಲ್ಲ. ಮಾತುಕತೆಗೆ ಕರೆದವರೇ ಫ್ಯಾಕ್ಟರಿಗೆ ಬೀಗ ಜಡಿದರು. ನೀನು ರಾಜೀನಾಮೆಗೆ ಸಹಿ ಹಾಕಿ ಹೋದೆ. ನಾವು ರಾಜಾಜಿನಗರದ ಅದೇ ಗೇಟಿನ ಮುಂದೆ ಕೂತಿದ್ದೇವೆ.

ಮಾಲೀಕ ಯಂತ್ರಗಳನ್ನು ಸಾಗಿಸಬಾರದೆಂದು ನಿನ್ನೆ ನಾವೇ ಶೆಡ್ಡಿನ ಒಡೆದ ಕಿಟಕಿಗೆ ತಗಡು ಹೊಡೆದೆವು. ಒಳಗೆ ಅಂಬರಗುಬ್ಬಿಯ ಗೂಡಿರುವುದು ಯಾರಿಗೂ ನೆನಪಾಗಲಿಲ್ಲ. ಸೂರಿಗಂಟಿದ ಆ ಮಣ್ಣಿನ ಗೂಡಿನ ಕೆಳಗೆ ಬಿರುಬೇಸಿಗೆಯಲ್ಲೂ ಫ್ಯಾನು ಹಾಕಲು ಬಿಡದವನು ನೀನೊಬ್ಬನೇ.

ಇವತ್ತು ಬೆಳಿಗ್ಗೆ ಜೋಡಿ ಹಕ್ಕಿಗಳು ಬಾಯಲ್ಲಿ ಹುಳ ಹಿಡಿದು ತಗಡಿನೆದುರು ಸುತ್ತುತ್ತಿದ್ದವು. ಒಳಗಿಂದ ಮರಿಗಳ ಕೂಗು.

"ತಗಡು ಕೀಳ್ರೋ, ಮರಿ ಸಾಯ್ತವೆ," ಅಂದರು ಬೈರಪ್ಪಣ್ಣ.

"ಅದೇ ಸಂದೀಲಿ ನಾಳೆ ಮಾಲೀಕ ಯಂತ್ರದ ಮೋಟಾರು ಸಾಗಿಸ್ತಾನೆ. ಆಮೇಲೆ ನಿಮ್ಮ ಹಕ್ಕಿ ಬಂದು ಸಂಬಳ ಕೊಡುತ್ತಾ?" ವಿಜಯಶ್ರೀ ಸುತ್ತಿಗೆ ಬಿಡಲಿಲ್ಲ.

"ಹಸಿದವರನ್ನ ಹೊರಗಿಟ್ಟು ಬಾಗಿಲು ಹಾಕೋದು ಮಾಲೀಕನ ಬುದ್ಧಿ ಕಣಮ್ಮ. ನಾವೂ ಅದನ್ನೇ ಕಲಿತ್ವಾ?"

ಕೊನೆಗೆ ಅವಳೇ ಮೊಳೆ ಕಿತ್ತಳು. ಹಕ್ಕಿ ಎಲ್ಲೂ ಕೂರದೆ, ಹಾರುತ್ತಲೇ ಒಳಗೆ ನುಗ್ಗಿತು. ಮರಿಗಳು ಹಾರುವವರೆಗೆ ಕಿಟಕಿಗೆ ಸರದಿ ಕಾವಲು ಎಂದು ತೀರ್ಮಾನವಾಯಿತು. ಮೊದಲ ಸರದಿ ವಿಜಯಶ್ರೀಯದು.

ನಾನೂ ಕಿಟಕಿಯಿಂದ ಒಳಗೆ ಇಣುಕಿದೆ. ನಿನ್ನ ಊಟದ ಡಬ್ಬಿ ಆ ಫ್ಯಾನಿನ ಕೆಳಗೇ ಇದೆ. ಅದನ್ನು ಒಯ್ಯಲು ನೀನು ಬಂದ ದಿನ ಗೇಟಿನಲ್ಲಿ ನಮ್ಮಲ್ಲಿ ಒಬ್ಬರೂ ದಾರಿ ಬಿಡಲಿಲ್ಲ. ನಿನ್ನ ಊರಿನ ವಿಳಾಸವನ್ನೂ ಯಾರೂ ಕೇಳಲಿಲ್ಲ; ಅದಕ್ಕೇ ಈ ಕಾಗದವನ್ನು ಗೇಟಿಗೇ ಅಂಟಿಸುತ್ತಿದ್ದೇನೆ.

ಮುಂದಿನ ಸಭೆ ಗುರುವಾರ ಸಂಜೆ ಆರಕ್ಕೆ, ಆ ಕಿಟಕಿಯ ಕೆಳಗೆ. ನೀನೂ ಬಾ, ಈ ಸಲ ದಾರಿ ಬಿಡುತ್ತೇವೆ.