ಎಡಗಿವಿಯಿಂದ ಸೋರಿದ ಹಾಡು

ರಾಜಾಜಿನಗರ ಮೂರನೇ ಬ್ಲಾಕ್, ಬೆಂಗಳೂರು
ಗುರುವಾರ, ೧೯-೧-೧೯೭೮

ಮಗಳೇ ರಾಜೇಶ್ವರೀ,

ಅಲ್ಲ ಕಣಮ್ಮ, ನಿನ್ನೆ ಹೇಳ್ತಾ ಇದ್ದ ಮಾತು ಅಷ್ಟಕ್ಕೇ ಮುಗಿಯಲಿಲ್ಲ. "ಸೋಮವಾರದ ರೈಲಿಗೆ ಮಗು ಕರಕೊಂಡು ಹೊರಟು ಬಾ, ಮುಂದಿನದು ನಾನು ನೋಡ್ಕೋತೀನಿ" ಅಂತ ಬರೆದು ನಿಲ್ಲಿಸಿದ್ದೆನಲ್ಲ, ಇನ್‌ಲ್ಯಾಂಡ್ ಕಾಗದದಲ್ಲಿ ಜಾಗ ಮುಗಿದಿತ್ತೇ ಹೊರತು ನನ್ನ ಕೋಪ ಮುಗಿದಿರಲಿಲ್ಲ. ಈವತ್ತು ಅದೇ ಕೈಯಲ್ಲಿ ಬೇರೆ ಮಾತು ಬರೀಬೇಕಾಗಿದೆ. ಮೊದಲು ಹೇಳು, ಪುಟ್ಟಿಯ ಕೆಮ್ಮು ಇಳಿಯಿತೇ? ನಿನಗೆ ಊಟ ಸೇರ್ತಾ ಇದೆಯೇ? ದಾವಣಗೆರೆಯ ಚಳಿ ಬೆಳಗಿನ ಜಾವಕ್ಕೆ ಕಚ್ಚುತ್ತೆ, ಮಗುವಿನ ಎದೆಗೆ ಬಟ್ಟೆ ಸುತ್ತಿ ಮಲಗಿಸು. ನನ್ನ ಆರೋಗ್ಯ ಸರಿಯಾಗಿದೆ ಅಂತ ನಿನ್ನೆ ಬರೆದಿದ್ದೆ, ಅದು ಪೂರ್ತಿ ನಿಜ ಅಲ್ಲ ಅಂತ ಈವತ್ತು ಗೊತ್ತಾಯಿತು. ಈ ಕಾಗದ ಶನಿವಾರದ ಟಪಾಲಿಗೆ ನಿನ್ನ ಕೈ ಸೇರಲೇಬೇಕು. ಸೇರಿದ ಮೇಲೆ ಕೊನೆ ಸಾಲಿನ ತನಕ ಓದದೆ ಟ್ರಂಕಿಗೆ ಬಟ್ಟೆ ತುಂಬಬೇಡ.

ಒಂದು ಹೆಡ್‌ಫೋನಿನ ವಿಷಯ ಹೇಳಬೇಕು. ನಗಬೇಡ. ಮುದುಕನಿಗೆ ತಲೆ ಕೆಟ್ಟಿದೆ, ನಾನು ಅಳ್ತಾ ಕಾಗದ ಬರೆದರೆ ಇವರು ರೇಡಿಯೋ ಕಥೆ ಹೇಳ್ತಾರೆ ಅಂತ ಬೈಕೋಬೇಡ. ಹಿಂದಿನ ಪೋರ್ಷನ್ನಿನ ಬಾಡಿಗೆಯ ಅಕ್ಕಯ್ಯಮ್ಮ ಆರು ತಿಂಗಳಿಂದ ನನ್ನ ಟ್ರಾನ್ಸಿಸ್ಟರಿನ ಮೇಲೆ ಕತ್ತಿ ಮಸೀತಾ ಇದ್ದರು. "ಯಜಮಾನ್ರೇ, ನಿಮ್ಮ ರೇಡಿಯೋ ಮಾರೇನಹಳ್ಳಿ ತನಕ ಕೇಳುತ್ತೆ, ಆ ಊರೋರತ್ರಾನೂ ಒಂದೊಂದು ರೇಡಿಯೋ ಲೈಸೆನ್ಸು ಮಾಡಿಸಿಬಿಡಿ" ಅನ್ನೋರು. ನನಗೋ ಅಷ್ಟು ಜೋರಾಗಿಟ್ಟರೂ ವಾರ್ತೆ ಓದೋರು ಕಂಬಳಿ ಹೊದ್ದುಕೊಂಡು ಓದಿದ ಹಾಗೆ. ಸೆಲ್ಲು ವೀಕು ಅಂದುಕೊಂಡು ಹೊಸ ಸೆಲ್ಲು ಹಾಕಿದೆ, ಮತ್ತೆ ಹಾಕಿದೆ. ಕೊನೆಗೆ ಇಂಡಸ್ಟ್ರಿಯಲ್ ಎಸ್ಟೇಟಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟಿರೋ ಚಕ್ರಪಾಣಿ ಹೇಳಿದ, "ಸಾರ್, ನಾನೇ ಹೆಡ್‌ಫೋನ್ ಕಟ್ಟಿದೀನಿ, ಫಾರಿನ್ ಮಾಲಿನ ಕಾಲುಭಾಗ ರೇಟು, ತಗೊಂಡು ಹೋಗಿ." ಮಂಗಳವಾರ ತಂದೆ.

ಇಂಟರ್‌ಮೀಡಿಯಟ್ಟಿನಲ್ಲಿ ನಮ್ಮ ಇಂಗ್ಲಿಷ್ ಲೆಕ್ಚರರು ಮೇಜಿನ ಮೇಲೆ ಏನಾದರೂ ಒಂದು ಸಾಮಾನು ಇಟ್ಟು "ಫಸ್ಟ್ ಇಂಪ್ರೆಷನ್ಸ್ ಬರೀರಿ, ವಿತೌಟ್ ಫಿಯರ್ ಆರ್..." ಅನ್ನೋರು, ಮುಂದಿನ ಪದ ಮರೆತೆ. ಹಾಗೇ ಬರೀತೀನಿ ಕೇಳು. ತೂಕ ಇಲ್ಲ, ಒಂದು ಮೂಸಂಬಿಯಷ್ಟು. ತಲೆ ಮೇಲೆ ಬಗ್ಗಿ ಕೂರೋ ಒಂದು ಸ್ಟೀಲ್ ಪಟ್ಟಿ, ಎರಡು ಕಡೆಗೂ ಹಳದಿ ಸ್ಪಂಜಿನ ಬಿಲ್ಲೆ. ಬಿಲ್ಲೆಯ ಹಿಂದುಗಡೆ ಮುಚ್ಚಳ ಇಲ್ಲ, ತೂತುತೂತಿನ ತಗಡು. "ಓಪನ್ ಮಾಡೆಲ್ ಸಾರ್, ಗಾಳಿ ಆಡುತ್ತೆ, ಕಿವಿ ಬೇಯಲ್ಲ. ಹಾಡು ಕೇಳ್ತಾ ಇರುವಾಗಲೇ ಯಾರಾದರೂ ಬಾಗಿಲು ಬಡಿದರೆ ಅದೂ ಕೇಳುತ್ತೆ" ಅಂದ. ಒಂದೇ ಹಾಡನ್ನ ಎರಡು ಬಿಲ್ಲೆಗೂ ಹಂಚೋ ಹಾಗೆ ತಂತಿ ಬೆಸೆದು ಕೊಟ್ಟ. ಮನೆಗೆ ಬಂದು ಹಾಕಿಕೊಂಡೆ. ಅಯ್ಯೋ ಮಗಳೇ, ಬಲಗಿವಿಗೆ ಏನು ಸೊಗಸು ಅಂತೀಯ! ವೀಣೆಯ ತಂತಿಗೆ ಉಗುರು ತಗಲೋ ಸದ್ದು, ಹಾಡೋ ಹೆಂಗಸು ಚರಣಕ್ಕೆ ಮುಂಚೆ ಉಸಿರು ಎಳಕೊಳ್ಳೋದು, ಎಲ್ಲಾ ಪಕ್ಕದಲ್ಲೇ ಕೂತ ಹಾಗೆ. ಕ್ಲಿಯರ್, ಕ್ರಿಸ್ಟಲ್ ಕ್ಲಿಯರ್. ಎಡಗಡೆ ಮಾತ್ರ ಏನೂ ಇಲ್ಲ. ಸ್ಪಂಜು ಕಿವಿಗೆ ತಾಗಿದೆ ಅನ್ನೋದಷ್ಟೇ ಗೊತ್ತಾಗುತ್ತೆ.

ಆ ಹೊತ್ತಿಗೇ ನಿನ್ನ ಕಾಗದ ಬಂತು. ಹೆಡ್‌ಫೋನ್ ಕತ್ತಿಗೆ ನೇತುಹಾಕಿಕೊಂಡೇ ಓದಿದೆ. ಅಳಿಯಂದಿರು ಜಂಬಣ್ಣನವರು ನಿನ್ನ ಜೊತೆ ಮಾತಾಡಲ್ಲ, ಮೂರು ಸಲ ಕರೆದರೂ ಗೋಡೆ ನೋಡಿಕೊಂಡು ಕೂತಿರ್ತಾರೆ, ನಾಲ್ಕನೇ ಸಲ ಕೂಗಿದರೆ "ಯಾಕೆ ಅರಚ್ತೀಯಾ" ಅಂತ ರೇಗ್ತಾರೆ, ಮಗು ಅತ್ತರೂ ಮಗ್ಗುಲು ಬದಲಿಸಲ್ಲ. ಅದನ್ನೆಲ್ಲ ಓದಿ ಸಹಿಸಿಕೊಂಡೆ. ಆಮೇಲೆ ಬರೆದಿದ್ದೆಯಲ್ಲ, "ಅಮ್ಮನಿಗೆ ನೀವು ಮಾಡಿದ್ದನ್ನೇ ಇವರು ನನಗೆ ಮಾಡ್ತಾ ಇದಾರೆ. ಅಮ್ಮ ತಡಕೊಂಡಳು, ನಾನು ತಡಕೊಳ್ಳಲ್ಲ." ಆ ಸಾಲನ್ನ ಎಷ್ಟು ಸಲ ಓದಿದೆನೋ. ನಾನು ನಿಮ್ಮಮ್ಮನ ಮೇಲೆ ಕೈ ಎತ್ತಿದವನಲ್ಲ, ಕುಡಿದವನಲ್ಲ, ಸಂಬಳದ ಕವರು ಒಡೆಯದೆ ತಂದುಕೊಟ್ಟವನು. ನಾನೇನು ಮಾಡಿದೆ ಅಂತ ಮೈಯೆಲ್ಲ ಉರಿಯಿತು. ಆ ಉರೀನ ನಿನ್ನ ಮೇಲೆ ತೋರಿಸಲಾರದೆ ಅಳಿಯಂದಿರ ಮೇಲೆ ತೋರಿಸಿದೆ. ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಲ್ಲೋನಿಗೆ ಇಷ್ಟು ಕೊಬ್ಬೇ ಅಂತ ಬರೆದದ್ದು ನಾನೇ. ಬಾ ಅಂದದ್ದೂ ಹಾಗೇ.

ನಿನ್ನೆ ಆ ಕಾಗದಾನ ಟಪಾಲು ಡಬ್ಬಿಗೆ ಹಾಕಿ, ಅದೇ ಬಿಸಿಯಲ್ಲಿ ಚಕ್ರಪಾಣಿಯ ಅಂಗಡಿಗೆ ಹೋದೆ. ಒಂಟಿ ಕಿವಿಯ ಮಾಲು ಮಾರ್ತೀಯಲ್ಲ, ನಾಚಿಕೆ ಆಗಲ್ವಾ, ಚೀಟ್, ಡೌನ್‌ರೈಟ್ ಚೀಟ್ ಅಂತ ಗಿರಾಕಿಗಳ ಮುಂದೆ ಬಾಯಿಗೆ ಬಂದ ಹಾಗೆ ಅಂದೆ. ಅವನು ಪಾಪ, ಬೆಸುಗೆ ಕಡ್ಡಿ ಕೆಳಗಿಟ್ಟು, ತಾನು ಹಾಕಿಕೊಂಡು ನೋಡಿ, "ಎರಡೂ ಹಾಡ್ತಾ ಇವೆ ಸಾರ್" ಅಂದ. ಅವನ ಹೆಂಡತಿಯನ್ನ ಕರೆದು ಹಾಕಿಸಿದ. ಆಯಮ್ಮನೂ ಎರಡೂ ಕೇಳುತ್ತೆ ಅಂದರು. ಗಂಡ ಹೆಂಡತಿ ಸೇರಿ ಸುಳ್ಳು ಹೇಳ್ತೀರಾ ಅಂತ ಅದಕ್ಕೂ ಬೈದೆ. ಅವನು ಹೆಡ್‌ಫೋನ್ ಕೆಳಗಿಟ್ಟ. ನನ್ನ ಮುಖಾನೇ ನೋಡಿದ. ಯಾಕೆ ಹಾಗೆ ನೋಡಿದ ಅಂತ ನನಗೆ ಹೊಳೆಯಲಿಲ್ಲ.

ಈವತ್ತು ಬೆಳಿಗ್ಗೆ ಪೂಜೆ ಮುಗಿಸಿ ಜಗಲಿಯ ಮೇಲೆ ಬಿಸಿಲಿಗೆ ಕೂತು, ಬರೋದಷ್ಟಾದರೂ ಬರಲಿ ಅಂತ ಮತ್ತೆ ಹಾಕಿಕೊಂಡೆ. ಅಕ್ಕಯ್ಯಮ್ಮ ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಬಂದು ನನ್ನ ಎಡಕ್ಕೆ ಕೂತು ಸುಲೀತಾ ಇದ್ದರು. ಸ್ವಲ್ಪ ಹೊತ್ತಿಗೆ ನೋಡ್ತೀನಿ, ಆಯಮ್ಮನ ತಲೆ ತಾಳಕ್ಕೆ ಸರಿಯಾಗಿ ಆಡ್ತಾ ಇದೆ, ತುಟಿಯೂ ಆಡ್ತಾ ಇದೆ. ನನಗೆ ಬರ್ತಾ ಇದ್ದ ಪದಾನೇ. ಟ್ರಾನ್ಸಿಸ್ಟರು ಅವರ ಹತ್ತಿರ ಇಲ್ಲ, ತಂತಿ ಸಿಕ್ಕಿಸಿದ ಮೇಲೆ ಅದು ಬಾಯಿ ಬಿಡಲ್ಲ. ಎಲ್ಲಿಂದ ಕೇಳ್ತಾ ಇದೀರಿ ಅಂದೆ. "ನಿಮ್ಮ ಕಿವಿಯಿಂದಲೇ ಸೋರ್ತಾ ಇದೆಯಲ್ಲ ಯಜಮಾನ್ರೇ! ಈ ಹಳದಿ ಬಿಲ್ಲೆಯಿಂದ. ನಾನೇನು ಕದ್ದು ಕೇಳ್ತಾ ಇಲ್ಲ" ಅಂತ ನಕ್ಕರು. ಎಡಗಡೆ ಬಿಲ್ಲೆ ಕಣಮ್ಮ. ಒಂದು ಮೊಳ ದೂರದಲ್ಲಿ ಕೂತ ಹೆಂಗಸಿಗೆ ಅದು ಹಾಡ್ತಾ ಇದೆ, ಅದನ್ನ ಕಿವಿಗೆ ಅಂಟಿಸಿಕೊಂಡ ನನಗೆ ಇಲ್ಲ.

ತಿರುವಿ ಹಾಕಿಕೊಂಡೆ. ಎಡದ ಬಿಲ್ಲೆ ಬಲಗಿವಿಗೆ ಬಂದ ಕೂಡಲೇ ಬಾಯಿಬಿಟ್ಟು ಹಾಡಿತು. ಬಲದ ಬಿಲ್ಲೆ ಎಡಗಿವಿಗೆ ಹೋಗಿ ಸುಮ್ಮನಾಯಿತು. ಕೈಗಡಿಯಾರ ಬಿಚ್ಚಿ ಎಡಗಿವಿಗೆ ಇಟ್ಟುಕೊಂಡೆ, ನಿಂತುಹೋಗಿದೆ ಅನ್ನಿಸಿತು. ಕಣ್ಣ ಮುಂದೆ ಹಿಡಿದರೆ ಮುಳ್ಳು ನಡೀತಾ ಇದೆ.

ಎಡಗಿವಿ ಯಾವಾಗ ಹೋಯಿತೋ ದೇವರಿಗೆ ಗೊತ್ತು. ಮಿಲ್ಲಿನಲ್ಲಿ ಟೈಮ್‌ಕೀಪರ್ ಆಗಿ ಇಪ್ಪತ್ತೆಂಟು ವರ್ಷ ಕೂತ ಗೂಡು ನೀನೂ ನೋಡಿದೀಯ, ಊಟದ ಡಬ್ಬಿ ತಂದಾಗ ಕಿವಿ ಮುಚ್ಚಿಕೊಂಡು ಓಡ್ತಿದ್ದೆ. ಮಗ್ಗದ ಶೆಡ್ಡಿನ ಕಡೆಯ ಕಿಟಕಿ ನನ್ನ ಎಡಕ್ಕೇ ಇತ್ತು, ಅದಕ್ಕೆ ಗಾಜು ಇರಲಿಲ್ಲ. ಫೋನು ಬಲಗೈಯಲ್ಲಿ ಎತ್ತಿ ಬಲಗಿವಿಗೇ ಇಟ್ಟುಕೊಳ್ತಿದ್ದೆ. ಎದುರು ನಿಂತು ಮಾತಾಡೋರ ತುಟಿ ನೋಡಿ ಅರ್ಥ ಮಾಡಿಕೊಳ್ಳೋದು ಅಲ್ಲಿ ಎಲ್ಲರಿಗೂ ರೂಢಿ. ಹೀಗಾಗಿ ಗೊತ್ತೇ ಆಗಲಿಲ್ಲ.

ನಿಮ್ಮಮ್ಮ ಎಲ್ಲಿ ಕೂರ್ತಿದ್ದಳು ಹೇಳು. ಹಸೆಮಣೆಯ ಮೇಲೆ ಕೂತಾಗಿಂದ ಹೆಂಡತಿ ಗಂಡನ ಎಡಕ್ಕೇ ಇರಬೇಕು ಅಂತ ನಮ್ಮಜ್ಜಿ ಹೇಳಿಕೊಟ್ಟಿದ್ದು. ಊಟಕ್ಕೆ, ಹಾಸಿಗೆಗೆ, ಸಿನಿಮಾಕ್ಕೆ, ಎಲ್ಲಾ ಕಡೆ ಎಡಕ್ಕೇ. ಒಂದು ಸಲ ಬಸ್ಸಿನಲ್ಲಿ ಬಲಕ್ಕೆ ಕೂತಳು ಅಂತ ಎಬ್ಬಿಸಿ ಎಡಕ್ಕೆ ಕೂರಿಸಿದೀನಿ. ನನ್ನ ಕೈಯಾರೆ ಮಗಳೇ. ಅವಳು ಕೂಗೋ ಹೆಂಗಸೂ ಅಲ್ಲ. "ರೀ" ಅನ್ನೋದಷ್ಟೇ, ಅದೂ ಉಸಿರಿನಲ್ಲಿ. ನಾನು ತಿರುಗಲಿಲ್ಲ ಅಂದರೆ ಸೆರಗು ಸರಿಮಾಡಿಕೊಂಡು ಎದ್ದು ಹೋಗೋಳು. ಇವಳಿಗೇನು ಬಿಂಕ ಅಂತ ನಾನು ಅಂದುಕೊಳ್ತಿದ್ದೆ. ಅವಳೂ ನನ್ನ ಬಗ್ಗೆ ಹಾಗೇ ಅಂದುಕೊಂಡಿರಬೇಕು, ಮ್ಯೂಚುಅಲ್ ಅಂತಾರಲ್ಲ, ಹಾಗೆ.

ಒಂದು ಮಾತು ಕೇಳಲೇಬಾರದಿತ್ತು, ಕೇಳಿಬಿಟ್ಟೆ. ಅಕ್ಕಯ್ಯಮ್ಮನ್ನ ಕೇಳಿದೆ, ನಿಮ್ಮಮ್ಮ ಗಿರಿಜೆ ಹಾಸಿಗೆ ಹಿಡಿದ ಕೊನೆಯ ತಿಂಗಳು ನನ್ನ ಕರೀತಿದ್ದಳಾ ಅಂತ. ಆಯಮ್ಮ ಅವರೆಕಾಳಿನ ಮೊರ ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು. ಹಾಲ್‌ನಲ್ಲಿ ಮಂಚ ಹಾಕಿದ್ದೆವಲ್ಲ, ನಾನು ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಬೆಳಕು ಬರೋ ಕಡೆಗೆ ಮುಖ ಮಾಡಿ, ಮಂಚಕ್ಕೆ ಎಡ ಮಗ್ಗುಲು ಕೊಟ್ಟು ಪೇಪರು ಓದ್ತಿದ್ದೆ. ಬಿಟ್ಟು ಅಲ್ಲಾಡ್ತಿರಲಿಲ್ಲ, ಹೆಂಡತಿಯ ಹತ್ತಿರ ಇದೀನಿ ಅಂತ ನನಗೆ ಹೆಮ್ಮೆ. ಅವಳು ನೀರು ಕೇಳ್ತಿದ್ದಳಂತೆ. ಮಂಚದ ತಲೆ ಹತ್ತಿರದ ಕಿಂಡಿಯಿಂದ ಹಿಂದಿನ ಪೋರ್ಷನ್ನಿಗೆ ಕೇಳಿಸಿ ಅಕ್ಕಯ್ಯಮ್ಮ ಲೋಟ ಹಿಡಿದು ಓಡಿ ಬರೋರಂತೆ. ಒಂದು ದಿನ ನನ್ನ ಭುಜ ತಟ್ಟೋಕೆ ಹೋದಾಗ ಅವಳು ಅವರ ಕೈ ಹಿಡಿದು, "ಬಿಡಿ, ಅವರು ಮೊದಲಿಂದಲೂ ಹೀಗೇ. ನನ್ನ ಮಾತು ಅವರಿಗೆ ಬೇಕಿಲ್ಲ" ಅಂದಳಂತೆ. ಲಿಂಗೈಕ್ಯಳಾಗೋ ನಾಲ್ಕು ದಿನ ಮೊದಲು ಕರೆಯೋದನ್ನೇ ಬಿಟ್ಟಳಂತೆ. ಇದನ್ನ ಎರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಾರೆ ಆಯಮ್ಮ, ನನ್ನ ಮೇಲೆ ಅಸಹ್ಯಪಟ್ಟುಕೊಂಡೇ ಬಾಡಿಗೆ ಕೊಡ್ತಾ ಬಂದಿದ್ದಾರೆ. ಈವತ್ತು ನನ್ನ ಎಡಗಿವಿಯ ಹತ್ತಿರ ಬಂದು ಮೆಲ್ಲಗೆ "ಯಜಮಾನ್ರೇ" ಅಂತ ಕರೆದು ನೋಡಿದರು. ನಾನು ತಿರುಗಲಿಲ್ಲವಂತೆ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಹಾಗಾಗಿ ನೀನು ಬರೆದದ್ದು ಸರಿ. ನಾನು ಮಾಡಿದೀನಿ. ಗೊತ್ತಿಲ್ಲದೆ ಮಾಡಿದೆ ಅಂತ ಈಗ ಅವಳಿಗೆ ಹೇಳೋ ದಾರಿ ಇಲ್ಲ. ನಿನಗೆ ಹೇಳ್ತಾ ಇದೀನಿ. ಮಧ್ಯಾಹ್ನ ಊಟ ಮಾಡಲಿಲ್ಲ. ಚಕ್ರಪಾಣಿಯ ಅಂಗಡಿಗೆ ಹೋಗಿ ಕ್ಷಮಿಸಪ್ಪ ಅಂದು ಬಂದೆ. ಆ ಹುಡುಗ "ಬಿಡಿ ಸಾರ್, ನಮ್ಮ ತಂದೇನೂ ಮಿಲ್ಲಿನಲ್ಲೇ ಇದ್ದರು, ಅವರಿಗೂ ಹೀಗೇ ಕೇಳ್ತಿರಲಿಲ್ಲ" ಅಂದ. ನಿನ್ನೆ ಯಾಕೆ ನನ್ನ ಮುಖ ನೋಡಿದ ಅಂತ ಆಗ ಗೊತ್ತಾಯಿತು. ಅಲ್ಲಿಂದ ಬಂದವನೇ ಬರೆಯೋಕೆ ಕೂತೆ. ಇನ್ನೂ ಏನೋ ಹೇಳೋದಿತ್ತು...

ಬೆಳಕು ಹೋಗ್ತಾ ಇದೆ ಮಗಳೇ. ನಾಲ್ಕಕ್ಕೆ ಹೋದ ಕರೆಂಟು ಬಂದಿಲ್ಲ, ಸಾಲು ಕಾಣಿಸ್ತಾ ಇಲ್ಲ. ಪುಟ್ಟಿಗೆ ಅಜ್ಜನ ಮುತ್ತು. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು, ನಿನ್ನೆಯ ಇನ್‌ಲ್ಯಾಂಡು ಅವರ ಕಣ್ಣಿಗೆ ಬೀಳದ ಹಾಗೆ ಒಲೆಗೆ ಹಾಕು. ಬಸವಣ್ಣ ನಿನ್ನ ಸಂಸಾರವನ್ನ ಕೈಬಿಡದಿರಲಿ.

ನಿನ್ನ ತಂದೆ,
ಶಂಭುಲಿಂಗಪ್ಪ

ತಾ.ಕ.: ಟಪಾಲು ಡಬ್ಬಿ ತೆಗೆಯೋ ಹೊತ್ತಾಯಿತು, ಅಕ್ಕಯ್ಯಮ್ಮನ ಬುಡ್ಡಿದೀಪಕ್ಕೆ ಹಿಡಿದು ಬರೀತಾ ಇದೀನಿ. ನಾನು ಕಿಟಕಿಯ ಈಚೆ ಇದ್ದೂ ಕಿವಿ ಕಳಕೊಂಡವನು. ಜಂಬಣ್ಣನವರು ಹತ್ತು ವರ್ಷದಿಂದ ಮಗ್ಗಗಳ ನಡುವೆಯೇ ನಿಲ್ಲೋರು. ಭಾನುವಾರ ರಜಕ್ಕೆ ಮನೆಯಲ್ಲಿ ಇರ್ತಾರಲ್ಲ, ಅವರು ಆ ಕಡೆ ಮುಖ ಮಾಡಿ ಕೂತಾಗ ಹಿಂದೆ ನಿಂತು, ಕೂಗದೆ, ಮಾಮೂಲಿ ದನಿಯಲ್ಲಿ "ಜಂಬಣ್ಣ" ಅಂತ ಹೆಸರು ಹಿಡಿದು ಕರೆ. ಪಾಪ ನನ್ನ ತಲೆಗಿರಲಿ. ಕಟ್ಟಿಕೊಂಡವಳ ಬಾಯಲ್ಲಿ ತನ್ನ ಹೆಸರು ಕೇಳಿದ ಗಂಡಸು ಎಂಥ ಕಲ್ಲಾದರೂ ತಿರುಗದೆ ಇರಲಾರ. ತಿರುಗಿದರು ಅನ್ನು, ಇಷ್ಟು ದಿನವೂ ಬೇಕಂತಲೇ ಸುಮ್ಮನಿದ್ದರು ಅಂತಾಯಿತು. ಸೋಮವಾರ ಹೊರಟು ಬಾ, ಸ್ಟೇಷನ್ನಿನಲ್ಲಿ ನಾನಿರ್ತೀನಿ. ತಿರುಗಲಿಲ್ಲ ಅಂದರೆ ರೈಲು ಹತ್ತಬೇಡ ತಾಯಿ. ಎದುರಿಗೆ ಹೋಗಿ ಕೂತು, ಮೊದಲಿಂದ ಮಾತಾಡು.