ಹತ್ತು ಮಣಿಗೊಂದು ಚಮಚ

ಗುರುವಾರ, ಜುಲೈ 17

ಅತ್ತೆಯ ಮೇಲೆ ಹಾಗೆ ಕೂಗಾಡಬಾರದಿತ್ತು. ಅದೇ ಕೊರೆಯುತ್ತಿದೆ.

ಹವಳದ ಕೊಂಬೆ ಕತ್ತರಿಸಿ ಮನೆಯ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಮೂರು ತುಂಡು ನೆಟ್ಟು ಇವತ್ತಿಗೆ ಒಂಬತ್ತು ದಿನ. ಮೂರರಲ್ಲೂ ಹವಳದ ಪುಟ್ಟ ಜೀವಿಗಳು ಬಾಯಿ ಮುಚ್ಚಿಕೊಂಡೇ ಇದ್ದವು. ಹವಳ ಬೆಳೆಯಲು ಸುಣ್ಣ ಬೇಕು. ಪಕ್ಕದಲ್ಲಿಟ್ಟ ಪಾತ್ರೆಯ ಸುಣ್ಣದ ತಿಳಿನೀರು ಸಣ್ಣ ಪೈಪಿನಿಂದ ದಿನವಿಡೀ ತೊಟ್ಟಿಗೆ ತೊಟ್ಟಿಕ್ಕಬೇಕು. ಒಮ್ಮೆಲೇ ಸುರಿದರೆ ಎಲ್ಲ ಸಾಯುತ್ತವೆ.

ಸಂಜೆ ಮಗರಪಟ್ಟಾದ ಆಫೀಸಿನಿಂದ ಬಂದು ನೋಡಿದರೆ ಪೈಪು ನೆಲದ ಮೇಲೆ, ಪಾತ್ರೆಯಲ್ಲಿ ನೀರೇ ಇಲ್ಲ. "ಅತ್ತಿ, ಏನ್ ಮಾಡೀರಿ ಇದು? ಎಲ್ಲಾ ಸಾಯ್ತಾವಲ್ರಿ!" ಎಂದು ಚೀರಿದೆ.

ನಾಗವ್ವತ್ತೆ ತೊಟ್ಟಿಯ ಪಕ್ಕದ ಸ್ಟೂಲಿನಿಂದ ಏಳಲಿಲ್ಲ. ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದರಲ್ಲಿ ಚಮಚ.

"ಪೈಪಿನ್ಯಾಗ ಸುಣ್ಣಾ ಕಟ್ಟಿತ್ತವ್ವಾ. ಹನಿ ಹನಿ ಬೀಳಬೇಕಂತ ನೀನ ಹೇಳಿದ್ದಿ. ಮಧ್ಯಾಹ್ನದಿಂದ ಹತ್ತು ಮಣಿಗೊಂದು ಚಮಚಾ ಬಿಟ್ಟೀನಿ. ಐವತ್ತು ವರ್ಷ ಎಲಿಗೆ ಸುಣ್ಣಾ ಹಚ್ಚೀನಿ, ತಿಳಿ ಯಾವುದು ಗಸಿ ಯಾವುದು ನನಗ ಗೊತ್ತಿಲ್ಲೇನ?"

ಪಾತ್ರೆಯ ತಳದಲ್ಲಿ ಬಿಳಿ ಗಸಿ ಕದಡದೆ ಕೂತಿತ್ತು. ಗಾಜಿಗೆ ಮುಖ ಒತ್ತಿ ನೋಡಿದೆ. ನಡುವಿನ ತುಂಡಿನ ತುಂಬ ಸಾಸಿವೆಯಷ್ಟು ಹಸಿರು ಬಾಯಿಗಳು ತೆರೆದುಕೊಂಡಿದ್ದವು. ಎಡಗಡೆಯದರಲ್ಲೂ! ಮೂರನೆಯದು ಇನ್ನೂ ಮುಚ್ಚಿದೆ, ಇರಲಿ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಚಹಾ ಮಾಡ್ಲೇನ?" ಅಂತ ಕೇಳಿದರು, ನನ್ನಿಂದ ಬೈಸಿಕೊಂಡವರೇ.

ಪೈಪನ್ನು ವಿನೆಗರ್ ಹಾಕಿ ತೊಳೆದೆ, ನೀರು ಸರಾಗವಾಗಿ ಹರಿಯುತ್ತಿದೆ. ಆದರೂ ಅದನ್ನು ಜೋಡಿಸದೆ ಕಪಾಟಿನಲ್ಲಿಟ್ಟು, ಚಮಚವನ್ನು ಒರೆಸಿ ನಾಳೆಗೆಂದು ಅವರ ಸ್ಟೂಲಿನ ಮೇಲೆ ಇಟ್ಟು ಬಂದೆ.